ಚರೆಯ ಅಂಕ, ಬೇಟೆಯ ಲೆಕ್ಕ

ಬೀದರ ಜಿಲ್ಲೆಯ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಗ್ರಂಥವು ರಾಜರ ವಿನೋದಗಳನ್ನು ವಿವರಿಸುವಾಗ ಬೇಟೆಗೂ ಮೀನು ಹಿಡಿಯುವುದಕ್ಕೂ ಸ್ಥಾನ ಕೊಟ್ಟಿದೆ. ಪಳಗಿಸಿದ ಸಿವಂಗಿಯನ್ನು, ಅಂದರೆ ಚೀತಾವನ್ನು, ಬಿಟ್ಟು ಜಿಂಕೆ ಹಿಡಿಸುವ ಕ್ರಮವೂ ಅದರಲ್ಲಿ ಬಂದಿದೆ. ಆಗಿನ ಬೇಟೆಗಾರನ ಆಯುಧ ಬಿಲ್ಲುಬಾಣ. ಒಂದು ಬಾಣಕ್ಕೆ ಒಂದು ಗುರಿ. ತಗುಲಿದರೆ ತಗುಲಿತು, ಇಲ್ಲವಾದರೆ ಇಲ್ಲ. ಶತಮಾನಗಳು ಉರುಳಿ ಚರೆಕೋವಿಯು ಬಂದ ಮೇಲೆ ಈ ಲೆಕ್ಕವೇ ಬೇರೆಯಾಯಿತು. ಈಗ ಒಂದು ಈಡಿಗೆ ನೂರಾರು ಚರೆಗಳು ಹಾರುತ್ತವೆ. ಯಾವ ಪ್ರಾಣಿಗೆ ಎಂಥ ಚರೆ ಎಂಬ ಪ್ರಶ್ನೆ ಹುಟ್ಟಿದುದೇ ಇಲ್ಲಿ.

ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವುದು ಇಂದು ನಿಷಿದ್ಧ. ಆದರೂ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪರಿಶೀಲಿಸಬೇಕಾದುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಒಂದು ಸಣ್ಣ ಸೀಸದ ಹರಳಿನಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರದ ಅರ್ಧ ಪುಸ್ತಕವೇ ಅಡಗಿದೆ. ಎರಡನೆಯದು, ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಬಯಲಿನಲ್ಲಿ ಇಂದಿಗೂ ಕೃಷ್ಣಮೃಗಗಳಿವೆ, ಕಾಡುಹಂದಿಗಳಿವೆ. ತೊಗರಿ, ಜೋಳ, ಕಡಲೆ, ಕಬ್ಬಿನ ಹೊಲಗಳಿಗೆ ಅವುಗಳಿಂದ ನಷ್ಟವಾಗುವುದೂ ಉಂಟು. ಆಗ ಹಳ್ಳಿಯ ಕಟ್ಟೆಯ ಮೇಲೆ ಒಂದು ಮಾತು ಕೇಳಿಬರುತ್ತದೆ: "ಸರಿಯಾದ ತೋಟಾ ಹಾಕಿ ಹೊಡೆದರೆ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ." ಈ ಮಾತು ನಿಜವೇ? ಕಾನೂನನ್ನು ಕೇಳುವ ಮೊದಲು ಗಣಿತವನ್ನೇ ಕೇಳಿ ನೋಡೋಣ.

ಕೋವಿಯೂ ತೋಟಾವೂ

ರೈಫಲಿನ ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ಗೆರೆಗಳಿರುತ್ತವೆ. ಅವು ಒಂಟಿ ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಚರೆಕೋವಿಯ ನಳಿಕೆಯಾದರೋ ಒಳಗೆಲ್ಲ ನುಣುಪು. ಅದರೊಳಗಿಂದ ಹೊರಡುವ ಚರೆಗಳು ಗುಂಪಾಗಿ ಹೊರಬಿದ್ದು, ದೂರ ಹೋದಂತೆಲ್ಲ ಹರಡಿಕೊಳ್ಳುತ್ತವೆ.

ನಳಿಕೆಯ ಗಾತ್ರವನ್ನು ಹೇಳುವ ಕ್ರಮ ವಿಚಿತ್ರವಾದುದು. 'ಹನ್ನೆರಡು ಬೋರಿನ ಕೋವಿ' ಎಂದರೆ ನಳಿಕೆಯ ವ್ಯಾಸ ಹನ್ನೆರಡು ಮಿಲಿಮೀಟರ್ ಎಂದಲ್ಲ. ಒಂದು ಪೌಂಡು ಸೀಸದಿಂದ ಹನ್ನೆರಡು ಸಮಾನ ಗೋಲಿಗಳನ್ನು ಎರಕ ಹೊಯ್ದರೆ, ಅಂಥ ಒಂದು ಗೋಲಿ ಆ ನಳಿಕೆಯಲ್ಲಿ ಸರಿಯಾಗಿ ಕೂಡುತ್ತದೆ ಎಂದು ಅರ್ಥ. ಒಂದು ಪೌಂಡು 453.6 ಗ್ರಾಂ, ಅದರ ಹನ್ನೆರಡನೆಯ ಒಂದು ಭಾಗ 37.8 ಗ್ರಾಂ. ಸೀಸದ ಸಾಂದ್ರತೆ 11.34 ಆದುದರಿಂದ ಗೋಲಿಯ ಘನಗಾತ್ರ 3.33 ಘನ ಸೆಂಟಿಮೀಟರ್, ವ್ಯಾಸ ಸುಮಾರು 18.5 ಮಿಲಿಮೀಟರ್. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಸಣ್ಣದಾಗುವುದೇಕೆ ಎಂಬುದು ಇದರಿಂದಲೇ ತಿಳಿಯುತ್ತದೆ.

ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಟೋಪಿ, ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿರಟೆಯಂಥ ಒಂದು ಅಡ್ಡೆ, ಅದರ ಮೇಲೆ ಚರೆಗಳು. ಪುಣೆಯ ಬಳಿಯ ಖಡ್ಕಿಯಲ್ಲಿರುವ ಸರ್ಕಾರಿ ಮದ್ದುಗುಂಡು ಕಾರ್ಖಾನೆಯು ನಮ್ಮ ದೇಶದಲ್ಲಿ ಇಂಥ ತೋಟಾಗಳನ್ನು ತಯಾರಿಸುತ್ತ ಬಂದಿದೆ. ಹನ್ನೆರಡು ಬೋರಿನ ತೋಟಾ ಒಂದರಲ್ಲಿ ಸಾಮಾನ್ಯವಾಗಿ 30ರಿಂದ 32 ಗ್ರಾಂ ಚರೆ ಇರುತ್ತದೆ.

ಚರೆ ಹುಟ್ಟಿದ ಬಗೆ

ಹಿಂದೆ ಚರೆಗಳನ್ನು ಅಚ್ಚಿನಲ್ಲಿ ಒಂದೊಂದಾಗಿ ಹೊಯ್ಯುತ್ತಿದ್ದರು, ಇಲ್ಲವೆ ಸೀಸದ ತಗಡನ್ನು ಕತ್ತರಿಸಿ ಉರುಳಿಸಿ ದುಂಡಗೆ ಮಾಡುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೀಸಗೆಲಸಗಾರ ವಿಲಿಯಂ ವಾಟ್ಸ್ ಎಂಬಾತನು 1782ರಲ್ಲಿ ಇದಕ್ಕೊಂದು ಸುಲಭೋಪಾಯಕ್ಕೆ ಹಕ್ಕುಪತ್ರ ಪಡೆದನು. ಕರಗಿದ ಸೀಸವನ್ನು ಎತ್ತರದಲ್ಲಿಟ್ಟ ಜರಡಿಯ ಮೂಲಕ ಸುರಿದರೆ ಅದು ಹನಿಹನಿಯಾಗಿ ಬೀಳುತ್ತದೆ. ಬೀಳುವ ಹನಿಯ ಮೇಲ್ಮೈ ಬಿಗಿತವು ಅದನ್ನು ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುತ್ತದೆ. ಒಂದು ನಿರ್ದಿಷ್ಟ ಘನಗಾತ್ರಕ್ಕೆ ಅತ್ಯಲ್ಪ ಮೇಲ್ಮೈ ಇರುವ ಆಕಾರ ಗೋಳವೇ ಆದುದರಿಂದ ಹನಿ ಗೋಳವಾಗುತ್ತದೆ. ಗಾಳಿಯಲ್ಲಿ ಇಳಿಯುತ್ತಲೇ ಅರೆಗಟ್ಟಿಯಾಗಿ, ಕೆಳಗಿನ ನೀರಿನ ತೊಟ್ಟಿಯಲ್ಲಿ ಬಿದ್ದು ಪೂರ್ತಿ ಗಟ್ಟಿಯಾಗುತ್ತದೆ. ಕಮಲದೆಲೆಯ ಮೇಲೆ ನೀರಿನ ಹನಿಯನ್ನು ದುಂಡಗಾಗಿಸುವ ಬಲವೇ ಇಲ್ಲಿ ಸೀಸವನ್ನೂ ದುಂಡಗಾಗಿಸಿತು.

ಇದಕ್ಕಾಗಿ ಎತ್ತರದ ಗೋಪುರಗಳು ಕಟ್ಟಲ್ಪಟ್ಟವು. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬೀದರಿನ ಪ್ರಸಿದ್ಧ ಬಿದರಿ ಪಾತ್ರೆಗಳ ಮುಖ್ಯ ಲೋಹವಾದ ಸತುವು ಕರಗುವುದಕ್ಕೆ ಸುಮಾರು 420 ಡಿಗ್ರಿ ಬೇಕು. ಹನಿಗಳು ಚೆನ್ನಾಗಿ ದುಂಡಗಾಗಲೆಂದು ಸೀಸಕ್ಕೆ ತುಸು ಆರ್ಸೆನಿಕ್ಕನ್ನೂ, ಚರೆ ಗಡಸಾಗಲೆಂದು ಆಂಟಿಮನಿಯನ್ನೂ ಬೆರೆಸುವರು. ಆಮೇಲೆ ಚರೆಗಳನ್ನು ಇಳಿಜಾರು ಹಲಗೆಯ ಮೇಲೆ ಉರುಳಬಿಡುವರು. ದುಂಡಾದವು ವೇಗವಾಗಿ ಉರುಳಿ ಮುಂದಿನ ಕಂಡಿಯನ್ನು ಹಾರಿಹೋಗುತ್ತವೆ. ಸೊಟ್ಟಗಿರುವವು ತಡವರಿಸಿ ಕಂಡಿಯಲ್ಲಿ ಬೀಳುತ್ತವೆ. ಉಳಿದವನ್ನು ಜರಡಿಗಳಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಅಂಕ ಕೊಡುವರು.

ಅಂಕಗಳ ಅರ್ಥ

ನಮ್ಮ ದೇಶದಲ್ಲಿ ರೂಢಿಯಾದದ್ದು ಬ್ರಿಟಿಷರ ಅಂಕಪದ್ಧತಿ. ಬೋರಿನಂತೆ ಇಲ್ಲಿಯೂ ಅಂಕ ಹೆಚ್ಚಾದಂತೆ ಚರೆ ಸಣ್ಣದಾಗುತ್ತದೆ. 1ನೆಯ ಅಂಕಕ್ಕಿಂತ ದಪ್ಪನಾದ ಚರೆಗಳಿಗೆ ಅಕ್ಷರಗಳ ಹೆಸರುಗಳಿವೆ. ಮುಖ್ಯವಾದ ಕೆಲವನ್ನು ಕೆಳಗೆ ಕೊಟ್ಟಿದೆ.

8ನೆಯ ಅಂಕ: ವ್ಯಾಸ 2.2 ಮಿ.ಮೀ.; ಒಂದು ಔನ್ಸಿಗೆ 450 ಚರೆ.
6ನೆಯ ಅಂಕ: ವ್ಯಾಸ 2.6 ಮಿ.ಮೀ.; ಒಂದು ಔನ್ಸಿಗೆ 270 ಚರೆ.
4ನೆಯ ಅಂಕ: ವ್ಯಾಸ 3.1 ಮಿ.ಮೀ.; ಒಂದು ಔನ್ಸಿಗೆ 170 ಚರೆ.
ಬಿ.ಬಿ.: ವ್ಯಾಸ 4.1 ಮಿ.ಮೀ.; ಒಂದು ಔನ್ಸಿಗೆ 70 ಚರೆ.
ಎಸ್.ಜಿ.: ವ್ಯಾಸ 8.4 ಮಿ.ಮೀ.; ಒಂದು ಔನ್ಸಿಗೆ 8 ಚರೆ.
ಎಲ್.ಜಿ.: ವ್ಯಾಸ 9.1 ಮಿ.ಮೀ.; ಒಂದು ಔನ್ಸಿಗೆ 6 ಚರೆ.

ಒಂದು ಔನ್ಸು ಎಂದರೆ 28.35 ಗ್ರಾಂ. ಆದುದರಿಂದ 6ನೆಯ ಅಂಕದ ಚರೆಯೊಂದರ ತೂಕ ಸುಮಾರು 0.105 ಗ್ರಾಂ, ಎಸ್.ಜಿ. ಚರೆಯ ತೂಕ ಸುಮಾರು 3.5 ಗ್ರಾಂ. ವ್ಯಾಸದಲ್ಲಿ ಎರಡನೆಯದು ಮೊದಲನೆಯದರ ಮೂರುಪಟ್ಟಿಗಿಂತ ತುಸು ಹೆಚ್ಚು ಮಾತ್ರ. ತೂಕದಲ್ಲಿ ಮೂವತ್ತು ಪಟ್ಟಿಗೂ ಮಿಗಿಲು. ತೂಕವು ವ್ಯಾಸದ ಘನವನ್ನು ಅನುಸರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬೇಟೆಗೆ ಪರವಾನಗಿ ದೊರೆಯುತ್ತಿದ್ದ ದಿನಗಳಲ್ಲಿ ಲಾವುಗೆ, ಉಲ್ಲಂಕಿಯಂಥ ಸಣ್ಣ ಹಕ್ಕಿಗಳಿಗೆ 8ನೆಯ ಅಂಕ, ಕೌಜುಗ ಪಾರಿವಾಳಗಳಿಗೆ 6 ಅಥವಾ 7, ಮೊಲಕ್ಕೂ ಕಾಡುಬಾತಿಗೂ 4 ಅಥವಾ 5, ಹೆಬ್ಬಾತಿನಂಥ ದೊಡ್ಡ ಹಕ್ಕಿಗಳಿಗೆ 1 ಅಥವಾ ಬಿ.ಬಿ., ಜಿಂಕೆ ಹಂದಿಗಳಿಗೆ ಎಸ್.ಜಿ. ಅಥವಾ ಎಲ್.ಜಿ. ಎಂಬುದು ಸಾಮಾನ್ಯ ರೂಢಿಯಾಗಿತ್ತು. ಈ ಪಟ್ಟಿಯ ಹಿಂದೆ ಇರುವ ತತ್ತ್ವಗಳು ಎರಡೇ: ಪ್ರತಿಯೊಂದು ಚರೆಗೂ ಒಳಹೊಗುವಷ್ಟು ಬಲವಿರಬೇಕು, ಸಾಕಷ್ಟು ಚರೆಗಳು ಗುರಿಗೆ ತಗುಲಬೇಕು. ತೋಟಾದಲ್ಲಿ ಹಿಡಿಯುವ ಸೀಸದ ತೂಕ ನಿಶ್ಚಿತವಾದುದರಿಂದ, ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗಲೇಬೇಕು. ಅಂಕವನ್ನು ಆರಿಸುವುದೆಂದರೆ ಇವೆರಡರ ನಡುವೆ ಒಂದು ರಾಜಿ ಮಾಡಿಕೊಳ್ಳುವುದು.

ಮೊದಲನೆಯ ತತ್ತ್ವ: ಗಾಳಿಯ ಸುಂಕ

ಚರೆಯು ನಳಿಕೆಯ ಬಾಯಿಯಿಂದ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯೇ ಇಲ್ಲದಿದ್ದರೆ, 45 ಡಿಗ್ರಿ ಕೋನದಲ್ಲಿ ಹಾರಿಸಿದ ಚರೆ ಎಷ್ಟು ದೂರ ಹೋದೀತು? ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದ ಭಾಗಿಸಿದರೆ 16 ಕಿಲೋಮೀಟರಿಗೂ ಮೇಲೆ ಬರುತ್ತದೆ. ವಾಸ್ತವದಲ್ಲಿ 6ನೆಯ ಅಂಕದ ಚರೆ ಇನ್ನೂರು ಮೀಟರಿನ ಆಸುಪಾಸಿನಲ್ಲಿಯೇ ನೆಲಕ್ಕೆ ಬೀಳುತ್ತದೆ. ಉಳಿದುದೆಲ್ಲ ಗಾಳಿಗೆ ತೆತ್ತ ಸುಂಕ!

ಈ ಸುಂಕದ ದರ ಎಲ್ಲ ಚರೆಗಳಿಗೂ ಒಂದೇ ಅಲ್ಲ. ಗಾಳಿಯ ತಡೆಯು ಚರೆಯ ಅಡ್ಡಕೊಯ್ತದ ಕ್ಷೇತ್ರವನ್ನು, ಅಂದರೆ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಆ ತಡೆಯನ್ನು ಎದುರಿಸುವ ಜಡತ್ವವಾದರೋ ವ್ಯಾಸದ ಘನವನ್ನು ಅನುಸರಿಸುತ್ತದೆ. ವರ್ಗವನ್ನು ಘನದಿಂದ ಭಾಗಿಸಿದರೆ ಉಳಿಯುವುದು ವ್ಯಾಸದ ವಿಲೋಮ. ಆದುದರಿಂದ ಚರೆ ಎಷ್ಟು ಸಣ್ಣದೋ ಅಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆ. ರಾಶಿ ಮಾಡುವಾಗ ಗಾಳಿಗೆ ತೂರಿದ ಹೊಟ್ಟು ದೂರ ಹಾರಿ ಕಾಳು ಕಾಲಬುಡದಲ್ಲೇ ಬೀಳುವುದನ್ನು ಎಲ್ಲರೂ ನೋಡಿರುತ್ತೇವೆ. ಹಗುರವಾದುದು ಬೇಗನೆ ಗಾಳಿಯ ವಶವಾಗುತ್ತದೆ. ಭಾರವಾದುದು ತನ್ನ ಹಾದಿಯನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ.

ಬೇಟೆಕೋವಿಯ ಪರೀಕ್ಷೆಗೆ ರೂಢಿಯಲ್ಲಿರುವ ದೂರ 40 ಗಜ, ಅಂದರೆ ಸುಮಾರು 37 ಮೀಟರ್. ಅಷ್ಟು ದೂರ ಹೋಗುವಷ್ಟರಲ್ಲಿ 6ನೆಯ ಅಂಕದ ಚರೆಯು ತನ್ನ ವೇಗದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡಿರುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಹೊರಡುವಾಗ ಸುಮಾರು 8 ಜೂಲ್ ಇದ್ದುದು ಈಗ ಸುಮಾರು 2 ಜೂಲ್. 8ನೆಯ ಅಂಕದ ಚರೆಯಲ್ಲಿ ಅಷ್ಟು ದೂರದಲ್ಲಿ ಉಳಿಯುವುದು ಸುಮಾರು 1 ಜೂಲ್. ಎಸ್.ಜಿ. ಚರೆಯು ವೇಗದ ಐದನೆಯ ಒಂದು ಪಾಲನ್ನಷ್ಟೇ ಕಳೆದುಕೊಂಡು 180 ಜೂಲಿನಷ್ಟು ಶಕ್ತಿಯನ್ನು ಇನ್ನೂ ಹೊತ್ತಿರುತ್ತದೆ. ಬಲವೊಂದೇ ಮುಖ್ಯವಾಗಿದ್ದರೆ ಎಲ್ಲ ಬೇಟೆಗೂ ದಪ್ಪ ಚರೆಯೇ ಸಾಕಾಗುತ್ತಿತ್ತು. ಆದರೆ ಎರಡನೆಯ ತತ್ತ್ವವು ಅಡ್ಡ ನಿಲ್ಲುತ್ತದೆ.

ಎರಡನೆಯ ತತ್ತ್ವ: ಚರೆಗಳ ಹರಹು

40 ಗಜ ದೂರದಲ್ಲಿ ದೊಡ್ಡ ಕಾಗದವನ್ನು ನಿಲ್ಲಿಸಿ ಒಂದು ಈಡು ಹಾರಿಸಿ, ಚರೆಗಳು ದಟ್ಟವಾಗಿ ಬಿದ್ದಲ್ಲಿ 30 ಅಂಗುಲ ವ್ಯಾಸದ ವೃತ್ತವನ್ನು ಎಳೆದು, ಅದರೊಳಗಿನ ತೂತುಗಳನ್ನು ಎಣಿಸುವರು. ಬಾಯಿಯವರೆಗೂ ಒಂದೇ ಸಮನಾದ ನಳಿಕೆಯಾದರೆ ಒಟ್ಟು ಚರೆಗಳಲ್ಲಿ ಶೇಕಡ 40ರಷ್ಟು ವೃತ್ತದೊಳಗೆ ಬೀಳುತ್ತವೆ. ಬಾಯಿಯ ಬಳಿ ನಳಿಕೆಯನ್ನು ತುಸು ಕಿರಿದು ಮಾಡಿದರೆ ಚರೆಗಳ ಗುಂಪು ಬಿಗಿಯಾಗುತ್ತದೆ. ಈ ಕಿರಿದುಗೊಳಿಸುವಿಕೆಗೆ ಚೋಕ್ ಎಂದು ಹೆಸರು. ಅರ್ಧ ಚೋಕಿನಲ್ಲಿ ಶೇಕಡ 60, ಪೂರ್ಣ ಚೋಕಿನಲ್ಲಿ ಶೇಕಡ 70.

ಅರ್ಧ ಚೋಕಿನ ಕೋವಿಯಲ್ಲಿ ಒಂದೂ ಎಂಟನೆಯ ಒಂದು ಔನ್ಸು, ಅಂದರೆ 32 ಗ್ರಾಂ ಚರೆ ಇದೆ ಎಂದು ಇಟ್ಟುಕೊಳ್ಳೋಣ. ವೃತ್ತದ ಕ್ಷೇತ್ರ ಸುಮಾರು 4,560 ಚದರ ಸೆಂಟಿಮೀಟರ್. 6ನೆಯ ಅಂಕದಲ್ಲಿ ತೋಟಾಕ್ಕೆ 304 ಚರೆ, ವೃತ್ತದಲ್ಲಿ 182, ಅಂದರೆ 25 ಚದರ ಸೆಂಟಿಮೀಟರಿಗೆ ಒಂದು. ಕೌಜುಗದ ಮೈಯ ನೆರಳು ಸುಮಾರು 100 ಚದರ ಸೆಂಟಿಮೀಟರ್ ಎಂದು ಹಿಡಿದರೆ ಸರಾಸರಿ ನಾಲ್ಕು ಚರೆ ತಗುಲುತ್ತವೆ. ಬಿ.ಬಿ. ಚರೆಯಾದರೆ ತೋಟಾಕ್ಕೆ 79, ವೃತ್ತದಲ್ಲಿ 47, ಕೌಜುಗಕ್ಕೆ ಸರಾಸರಿ ಒಂದೇ ಒಂದು.

'ಸರಾಸರಿ ಒಂದು' ಎಂದರೆ 'ಖಂಡಿತವಾಗಿ ಒಂದು' ಎಂದು ಅರ್ಥವಲ್ಲ. ಮಳೆ ಆರಂಭವಾದಾಗ ಅಂಗಳದ ಕೆಲವು ಕಲ್ಲುಗಳ ಮೇಲೆ ಎರಡು ಮೂರು ಹನಿಗಳು ಬಿದ್ದಿರುತ್ತವೆ. ಪಕ್ಕದ ಕಲ್ಲು ಒಣಗಿಯೇ ಇರುತ್ತದೆ. ಇಂಥ ಯಾದೃಚ್ಛಿಕ ಬೀಳುವಿಕೆಯ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನನು 1837ರಲ್ಲಿ ಪ್ರಕಟಿಸಿದನು. ಅದರ ಪ್ರಕಾರ, ಸರಾಸರಿ ಒಂದು ತಗುಲಬೇಕಾದಲ್ಲಿ ಒಂದೂ ತಗುಲದಿರುವ ಸಂಭಾವ್ಯತೆಯು 1ನ್ನು 2.718ರಿಂದ ಭಾಗಿಸಿದಷ್ಟು, ಅಂದರೆ ಶೇಕಡ 37. ಸರಾಸರಿ ನಾಲ್ಕಾದರೆ 2.718ರಿಂದ ನಾಲ್ಕು ಬಾರಿ ಭಾಗಿಸಬೇಕು. ಆಗ ಶೇಕಡ 2ಕ್ಕೂ ಕಡಿಮೆ. ಬಿ.ಬಿ. ಚರೆಗೆ ಬಲವೇನೋ ಉಂಟು. ಆದರೆ ಮೂರು ಈಡುಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹಕ್ಕಿಯು ಚರೆಗಳ ಸಂದಿನಲ್ಲಿಯೇ ಪಾರಾಗುತ್ತದೆ. 8ನೆಯ ಅಂಕದ ಚರೆಗಳು ಆರೇಳು ತಗುಲಿಯಾವು. ಆದರೆ ಅಷ್ಟು ದೂರದಲ್ಲಿ ಅವುಗಳಿಗೆ ರೆಕ್ಕೆಪುಕ್ಕಗಳನ್ನು ದಾಟಿ ಒಳಹೊಗುವ ಶಕ್ತಿ ಸಾಲದು. 6ನೆಯ ಅಂಕವು ಎರಡೂ ತತ್ತ್ವಗಳನ್ನು ಒಂದು ಮಟ್ಟಿಗೆ ಈಡೇರಿಸುತ್ತದೆ. ಅನುಭವಿಗಳಾದ ಬೇಟೆಗಾರರು ತಲೆಮಾರುಗಳ ರೂಢಿಯಿಂದ ಕಂಡುಕೊಂಡುದನ್ನು ಗಣಿತವು ಹೀಗೆ ಸಮರ್ಥಿಸುತ್ತದೆ.

ಕೃಷ್ಣಮೃಗದ ಲೆಕ್ಕ

ಇನ್ನು ಕಟ್ಟೆಯ ಮಾತಿಗೆ ಬರೋಣ. ಕೃಷ್ಣಮೃಗ, ನಮ್ಮ ಕಡೆಯ ಚಿಗರಿ, ಬಯಲಿನ ಪ್ರಾಣಿ. ಕಾಡಿನ ಮರೆಯಲ್ಲಿ ಅಡಗುವ ಜಾತಿ ಇದಲ್ಲ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುವುದೇ ಇದರ ರಕ್ಷಣೋಪಾಯ. ಬಸವಕಲ್ಯಾಣದ ಎರೆಹೊಲದಲ್ಲಾಗಲಿ ಹುಮನಾಬಾದದ ಕೆಂಪು ಜಂಬಿಟ್ಟಿಗೆಯ ಬಯಲಿನಲ್ಲಾಗಲಿ ಅದರ ಹತ್ತಿರಕ್ಕೆ ಮನುಷ್ಯನು ಕಾಣದಂತೆ ಹೋಗುವುದು ಕಷ್ಟ. ಆದುದರಿಂದ 40 ಗಜವೆಂದರೆ ಕೋವಿಗಾರನಿಗೆ ಒದಗಿದ ಅದೃಷ್ಟವೆಂದೇ ಎಣಿಸಬೇಕು.

ಹಳೆಯ ರೂಢಿಯಂತೆ ಎಸ್.ಜಿ. ತೋಟಾವನ್ನು ತೆಗೆದುಕೊಳ್ಳೋಣ. ಅದರಲ್ಲಿ ಚರೆ 9. ಅರ್ಧ ಚೋಕಿನಲ್ಲಿ ಶೇಕಡ 60ರಂತೆ ವೃತ್ತದೊಳಗೆ ಬೀಳುವವು 5 ಅಥವಾ 6. ಅಂದರೆ ಸುಮಾರು 840 ಚದರ ಸೆಂಟಿಮೀಟರಿಗೆ ಒಂದು ಚರೆ. ಪಕ್ಕದಿಂದ ನೋಡಿದಾಗ ಪ್ರಾಣಿಯ ಮುಂಡದ ಕ್ಷೇತ್ರ ಸುಮಾರು 2,000 ಚದರ ಸೆಂಟಿಮೀಟರ್ ಎಂದೂ, ಹೃದಯ ಶ್ವಾಸಕೋಶಗಳಿರುವ ಮರ್ಮಸ್ಥಾನವು 20 ಸೆಂಟಿಮೀಟರ್ ವ್ಯಾಸದ ವೃತ್ತವೆಂದೂ ಹಿಡಿಯೋಣ. ಆ ವೃತ್ತದ ಕ್ಷೇತ್ರ 314 ಚದರ ಸೆಂಟಿಮೀಟರ್.

ಹಾಗಾದರೆ ಮರ್ಮಸ್ಥಾನಕ್ಕೆ ತಗುಲುವ ಚರೆಗಳ ಸರಾಸರಿ ಸಂಖ್ಯೆ 314ನ್ನು 840ರಿಂದ ಭಾಗಿಸಿದಷ್ಟು, ಅಂದರೆ 0.37. ಪ್ವಾಸೋನನ ನಿಯಮದಂತೆ ಅಲ್ಲಿ ಒಂದು ಚರೆಯೂ ಬೀಳದಿರುವ ಸಂಭಾವ್ಯತೆ ಶೇಕಡ 69. ಮುಂಡದ ಉಳಿದ ಭಾಗದಲ್ಲಾದರೋ, ಅಂದರೆ ಹೊಟ್ಟೆ, ತೊಡೆ, ಬೆನ್ನುಗಳಲ್ಲಿ, ಸರಾಸರಿ ಎರಡು ಚರೆ ಬೀಳುತ್ತವೆ. ಒಂದಾದರೂ ಬೀಳುವ ಸಂಭಾವ್ಯತೆ ಶೇಕಡ 86. ಈ ಎರಡನ್ನೂ ಗುಣಿಸಿದರೆ ಶೇಕಡ 60ರ ಹತ್ತಿರ ಬರುತ್ತದೆ. ಇದರ ಅರ್ಥವನ್ನು ಸ್ಪಷ್ಟವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಹತ್ತು ಈಡುಗಳಲ್ಲಿ ಆರು ಪ್ರಾಣಿಯನ್ನು ಕೊಲ್ಲುವುದೂ ಇಲ್ಲ, ತಪ್ಪುವುದೂ ಇಲ್ಲ, ಗಾಯಗೊಳಿಸುತ್ತವೆ. ಗಾಯಗೊಂಡ ಚಿಗರಿ ಅಲ್ಲಿ ಬೀಳುವುದಿಲ್ಲ. ಅದು ಓಡುತ್ತದೆ; ಕಣ್ಣಿಗೆ ಮರೆಯಾದ ಮೇಲೆ, ಎಲ್ಲಿಯೋ ಒಂದು ಹಳ್ಳದ ಬದಿಯಲ್ಲಿ, ಗಾಯ ಕೊಳೆತು ದಿನಗಟ್ಟಲೆ ನರಳಿ ಸಾಯುತ್ತದೆ. ಹೊಡೆದವನು ಮಾತ್ರ 'ಗುರಿ ತಪ್ಪಿತು' ಎಂದುಕೊಂಡು ಮನೆಗೆ ಹೋಗುತ್ತಾನೆ.

ಈ ಲೆಕ್ಕದಲ್ಲಿ ಚರೆಗಳು ವೃತ್ತದ ತುಂಬ ಸಮನಾಗಿ ಹರಡಿವೆ ಎಂದು ಭಾವಿಸಿದೆ. ನಿಜವಾಗಿ ಅವು ನಡುವೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಇರುತ್ತವೆ. ಆದರೆ ಗುರಿಯ ನಡುವೂ ಚರೆಗಳ ನಡುವೂ ಪ್ರತಿ ಸಲ ಒಂದೇ ಕಡೆ ಬೀಳುವುದಿಲ್ಲವಾದುದರಿಂದ ತೀರ್ಮಾನ ಹೆಚ್ಚು ಬದಲಾಗದು. ದೂರವನ್ನು ಅರ್ಧಕ್ಕೆ ಇಳಿಸಿ, ದಟ್ಟಣೆ ನಾಲ್ಕುಪಟ್ಟು ಹೆಚ್ಚಿತೆಂದು ಉದಾರವಾಗಿ ಹಿಡಿದರೂ ಮರ್ಮಕ್ಕೆ ಒಂದೂ ತಗುಲದ ಸಂಭಾವ್ಯತೆ ಶೇಕಡ 22ರಷ್ಟು ಉಳಿಯುತ್ತದೆ. ಎಲ್.ಜಿ. ಚರೆಯನ್ನು ಹಾಕಿದರೆ ಚರೆಗಳ ಸಂಖ್ಯೆ ಇನ್ನೂ ಇಳಿಯುತ್ತದೆ. ಬಿ.ಬಿ. ಚರೆಗೆ ಇಳಿದರೆ ಹೆಚ್ಚು ಚರೆಗಳು ತಗುಲಿಯಾವು. ಆದರೆ ಒಂದೊಂದರ ಶಕ್ತಿ ಸುಮಾರು 13 ಜೂಲ್ ಮಾತ್ರ. ದಪ್ಪ ತೊಗಲಿನ ಕೆಳಗೆ ಸಿಕ್ಕಿಕೊಂಡು ನೋವು ಕೊಡುವುದಕ್ಕೆ ಅಷ್ಟು ಸಾಕು, ಕೊಲ್ಲುವುದಕ್ಕೆ ಸಾಲದು. ಹಂದಿಯ ವಿಷಯದಲ್ಲಿ ತೊಗಲೂ ಕೊಬ್ಬೂ ಇನ್ನಷ್ಟು ದಪ್ಪ.

ಕೌಜುಗಕ್ಕೆ ಒಂದು 'ಸರಿಯಾದ ಅಂಕ' ಇತ್ತು. ದೊಡ್ಡ ಪ್ರಾಣಿಗೆ ಅಂಥ ಅಂಕವೇ ಇಲ್ಲ ಎಂಬುದು ಈ ಲೆಕ್ಕದ ಫಲಿತಾಂಶ. ಮೇಲೆ ಹೇಳಿದ ರಾಜಿಯು ಪ್ರಾಣಿ ದೊಡ್ಡದಾದಂತೆ ಮುರಿದುಬೀಳುತ್ತದೆ. ಒಂದೇ ಏಟಿನ ಮಾತು ತೋಟಾದ ಡಬ್ಬಿಯ ಮೇಲಿನ ಅಕ್ಷರಗಳಿಂದ ನಿಜವಾಗುವುದಿಲ್ಲ.

ತಪ್ಪಿದ ಚರೆ ಎಲ್ಲಿಗೆ ಹೋಗುತ್ತದೆ?

ಒಂಬತ್ತು ಚರೆಗಳಲ್ಲಿ ಎರಡೋ ಮೂರೋ ಪ್ರಾಣಿಗೆ ತಗುಲಿದವು. ಉಳಿದವು ಎಲ್ಲಿ? ಫ್ರಾನ್ಸಿನ ಸೇನಾಧಿಕಾರಿ ಜೂರ್ನೆ ಎಂಬವರು ಪ್ರಯೋಗಗಳಿಂದ ಕಂಡುಕೊಂಡ ಒಂದು ಸರಳ ನಿಯಮವುಂಟು. ಅದನ್ನು ಮೆಟ್ರಿಕ್ ಮಾನಕ್ಕೆ ತಂದರೆ, ಸೀಸದ ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೂ ಗರಿಷ್ಠ ದೂರ ಸುಮಾರು 80 ಮೀಟರ್ ಎಂದಾಗುತ್ತದೆ. 8ನೆಯ ಅಂಕ ಸುಮಾರು 175 ಮೀಟರ್, 6ನೆಯ ಅಂಕ ಸುಮಾರು 205, ಬಿ.ಬಿ. ಸುಮಾರು 325, ಎಸ್.ಜಿ. ಸುಮಾರು 670, ಎಲ್.ಜಿ. ಸುಮಾರು 725 ಮೀಟರ್.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಎಸ್.ಜಿ. ತೋಟಾವು 40 ಗಜದಲ್ಲಿಯೇ ನಂಬಿಕೆಗೆ ಅರ್ಹವಲ್ಲ. ಆದರೆ ಅದರ ತಪ್ಪಿದ ಚರೆಯು ಅರ್ಧ ಕಿಲೋಮೀಟರಿಗೂ ಆಚೆ ಬೀಳಬಲ್ಲದು. ತೊಗರಿ ಹೊಲದಲ್ಲಿ ಬೆಳೆ ಆಳೆತ್ತರಕ್ಕೆ ನಿಂತಾಗ ಅದರ ಆಚೆ ಕಳೆ ಕೀಳುತ್ತಿರುವವರು, ದನ ಕಾಯುವ ಹುಡುಗರು ಕಾಣುವುದಿಲ್ಲ. ಜಂಬಿಟ್ಟಿಗೆಯ ಗಟ್ಟಿ ನೆಲಕ್ಕೆ ಬಡಿದು ಪುಟಿದ ಚರೆಯ ದಿಕ್ಕನ್ನು ಯಾರೂ ಹೇಳಲಾರರು. ರಾತ್ರಿಯಲ್ಲಿ ಸಪ್ಪಳ ಬಂದ ಕಡೆಗೆ ಹಾರಿಸಿದ ಈಡಿನ ಅಪಾಯವನ್ನಂತೂ ಹೇಳಬೇಕಾದುದಿಲ್ಲ.

ನೆಲದಲ್ಲಿ ಉಳಿದ ಸೀಸ

ಬಿದ್ದ ಚರೆಯ ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಪ್ರತಿ ಈಡಿನಲ್ಲಿಯೂ 30 ಗ್ರಾಂ ಮೀರಿದ ಸೀಸ ಹೊಲಕ್ಕೋ ಕೆರೆಗೋ ಸೇರುತ್ತದೆ. ಸೀಸವು ಬೇಗ ಕರಗುವ ವಸ್ತುವಲ್ಲ; ಮಣ್ಣಿನಲ್ಲಿ ದಶಕಗಳ ಕಾಲ ಇರುತ್ತದೆ. ಬಾತುಗಳಿಗೂ ಕಾಳು ತಿನ್ನುವ ಹಕ್ಕಿಗಳಿಗೂ ಹಲ್ಲಿಲ್ಲ. ಆಹಾರವನ್ನು ಅರೆಯುವುದಕ್ಕಾಗಿ ಅವು ಸಣ್ಣ ಹರಳುಗಳನ್ನು ನುಂಗಿ ಹೊಟ್ಟೆಯ ಬಿರುಸಾದ ಸ್ನಾಯುಚೀಲದಲ್ಲಿ ಇಟ್ಟುಕೊಳ್ಳುತ್ತವೆ. ಕೆರೆಯ ಕೆಸರಿನಲ್ಲಿ ಬಿದ್ದ ಚರೆಯೂ ಹರಳಿನಂತೆಯೇ ಕಾಣುತ್ತದೆ. ನುಂಗಿದ ಚರೆಯು ಚೀಲದಲ್ಲಿ ತೇದು, ಜಠರದ ಆಮ್ಲದಲ್ಲಿ ಕರಗಿ, ರಕ್ತವನ್ನು ಸೇರುತ್ತದೆ. ನರಗಳು ಸೋತು, ರೆಕ್ಕೆಗಳು ಜೋತುಬಿದ್ದು, ಹಕ್ಕಿ ಹಾರಲಾರದೆ ಸಾಯುತ್ತದೆ. ಎಂದೋ ಹಾರಿಸಿದ ಈಡು ಕೋವಿಯೇ ಇಲ್ಲದ ಕಾಲದಲ್ಲಿಯೂ ಕೊಲ್ಲುತ್ತದೆ.

ಈ ಕಾರಣದಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಿಂದ ದೇಶಾದ್ಯಂತ ನಿಷೇಧಿಸಿದವು. ಐರೋಪ್ಯ ಒಕ್ಕೂಟವು ಜೌಗುಪ್ರದೇಶಗಳಲ್ಲಿ ಅದರ ಬಳಕೆಯನ್ನು 2023ರಿಂದ ತಡೆದಿದೆ. ಬೇಟೆಗೆ ಅವಕಾಶವಿರುವ ಆ ದೇಶಗಳಲ್ಲಿ ಉಕ್ಕಿನ ಚರೆ ಬಳಕೆಗೆ ಬಂದಿದೆ. ಆದರೆ ಉಕ್ಕಿನ ಸಾಂದ್ರತೆ 7.8 ಮಾತ್ರ. ಅದೇ ತೂಕ ಬರಬೇಕಾದರೆ 2.6 ಮಿಲಿಮೀಟರ್ ಸೀಸದ ಚರೆಗೆ ಬದಲಾಗಿ 2.9 ಮಿಲಿಮೀಟರ್ ಉಕ್ಕಿನ ಚರೆ ಬೇಕು; ಗಾತ್ರ ಹೆಚ್ಚಿದುದರಿಂದ ಗಾಳಿಯ ಸುಂಕವೂ ಹೆಚ್ಚು. ಮನುಷ್ಯರ ವಿಷಯದಲ್ಲಿಯೂ ಸೀಸವು ಇಷ್ಟರವರೆಗೆ ನಿರಪಾಯ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದರಿಂದ ವಿಶೇಷ ಹಾನಿ.

ಕಾನೂನು ಏನು ಹೇಳುತ್ತದೆ?

ಬೀದರ ಜಿಲ್ಲೆಯು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದಲ್ಲಿ ಬೇಟೆ ಸಿರಿವಂತರ ಕ್ರೀಡೆ. ಸೋಮೇಶ್ವರನ ಗ್ರಂಥದಲ್ಲಿ ಬಂದ ಸಿವಂಗಿಯು ಭಾರತದಲ್ಲಿ ನಿರ್ವಂಶವಾಯಿತೆಂದು 1952ರಲ್ಲಿ ಘೋಷಿತವಾಯಿತು. ದಖ್ಖನಿನ ಹುಲ್ಲುಗಾವಲುಗಳ ಎರೆಲಡ್ಡು ಹಕ್ಕಿಯು ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಹುಲ್ಲುಗಾವಲುಗಳ ನಾಶದೊಂದಿಗೆ ಕೋವಿಯೂ ಈ ಸ್ಥಿತಿಗೆ ಕಾರಣವಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾಗಿ ನಿಯಂತ್ರಿಸಿತು. 1991ರ ತಿದ್ದುಪಡಿಯು ವಿನೋದದ ಬೇಟೆಗೆ ಪರವಾನಗಿ ಕೊಡುವ ಪದ್ಧತಿಯನ್ನೇ ತೆಗೆದುಹಾಕಿತು. ಕೃಷ್ಣಮೃಗವು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಬೆಳೆ ಹಾಳುಮಾಡಿತೆಂಬ ಕಾರಣಕ್ಕೆ ಕೊಲ್ಲಲು ಅನುಮತಿ ಕೊಡುವ ಅವಕಾಶವಿಲ್ಲ. ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸಬಹುದು. ಎರಡನೆಯ ಅನುಸೂಚಿಯ ಪ್ರಾಣಿಗಳು ಬೆಳೆಗೆ ಅಪಾಯಕಾರಿಯಾದಾಗ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯು ಕಾರಣಗಳನ್ನು ಬರೆದು ಲಿಖಿತ ಆಜ್ಞೆ ಮಾಡಿದರೆ ಮಾತ್ರ ಕ್ರಮ ಕೈಗೊಳ್ಳಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಪ್ರಸ್ತಾಪವೇನೋ ಉಂಟು. ಆದರೆ ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಕೊಟ್ಟ ಪರವಾನಗಿ; ವನ್ಯಪ್ರಾಣಿಯನ್ನು ಕೊಲ್ಲುವುದಕ್ಕೆ ಕೊಟ್ಟುದಲ್ಲ. ಈ ಎರಡನ್ನು ಬೆರೆಸಿಕೊಂಡವರು ತೊಂದರೆಗೆ ಸಿಕ್ಕುತ್ತಾರೆ.

ಹಾಗೆಂದು ರೈತನ ನಷ್ಟವನ್ನು ಹಗುರವಾಗಿ ಎಣಿಸುವುದು ಸಲ್ಲದು. ರಾತ್ರಿ ಬೆಳಗಾಗುವುದರೊಳಗೆ ಕಡಲೆಯ ಹೊಲ ಬೋಳಾದುದನ್ನು ಕಂಡವನ ಕಷ್ಟ ನಿಜವಾದ ಕಷ್ಟ. ಬೇಲಿ, ಕಾವಲು, ನೆರೆಹೊರೆಯವರು ಕೂಡಿ ಮಾಡುವ ಪಾಳಿಯ ಗಸ್ತು, ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ದೊರೆಯುವ ಪರಿಹಾರಕ್ಕೆ ಕಾಲಕ್ಕೆ ಸರಿಯಾಗಿ ಅರ್ಜಿ ಕೊಡುವುದು, ಇವು ಉಪಾಯಗಳು. ಇವು ಕೋವಿಯ ಸದ್ದಿನಷ್ಟು ತೃಪ್ತಿ ಕೊಡದಿರಬಹುದು. ಆದರೆ ಕೋವಿಯು ಕೊಡುವ ತೃಪ್ತಿ ಸದ್ದಿನದೇ ಹೊರತು ಫಲದ್ದಲ್ಲವೆಂದು ಮೇಲಿನ ಲೆಕ್ಕ ತೋರಿಸಿದೆ. ಒಂದು ಚಿಗರಿ ಗಾಯಗೊಂಡು ಓಡಿದರೆ ಹಿಂಡು ಮರುರಾತ್ರಿ ಮತ್ತೆ ಬರುತ್ತದೆ.

ಹಿಂದಿನ ಬೇಟೆಗಾರರಲ್ಲಿ ವಿವೇಕಿಗಳಾದವರು ಖಚಿತವಿಲ್ಲದ ದೂರದಲ್ಲಿ ಕುದುರೆಯೆಳೆಯುತ್ತಿರಲಿಲ್ಲ. ಗಾಯಗೊಂಡುದನ್ನು ಹುಡುಕದೆ ಮರಳುವುದನ್ನು ನಾಚಿಕೆಗೇಡೆಂದು ಭಾವಿಸುತ್ತಿದ್ದರು. ಅವರು ಅನುಭವದಿಂದ ಅರಿತ ಮಿತಿಯನ್ನು ನಾವು ಕಾಗದ ಪೆನ್ಸಿಲುಗಳಿಂದಲೇ ಅರಿಯಬಲ್ಲೆವು. ಚರೆಯ ಡಬ್ಬಿಯ ಮೇಲಿನ ಅಂಕವು ಚರೆಯ ವ್ಯಾಸವನ್ನು ಹೇಳುತ್ತದೆ. ಹಾರಿಸಬೇಕೆ ಬೇಡವೇ ಎಂಬುದನ್ನು ಅದು ಹೇಳಲಾರದು.

ಅಭ್ಯಾಸಕ್ಕೆ ಕೆಲವು ಲೆಕ್ಕಗಳು

1. ಹದಿನಾರು ಬೋರಿನ ಕೋವಿಯ ನಳಿಕೆಯ ವ್ಯಾಸವೆಷ್ಟು? (ಉತ್ತರ: ಸುಮಾರು 16.8 ಮಿ.ಮೀ.)

2. 4ನೆಯ ಅಂಕದ ಚರೆ ಹೆಚ್ಚೆಂದರೆ ಎಷ್ಟು ದೂರ ಹೋದೀತು? (ಉತ್ತರ: ಸುಮಾರು 250 ಮೀಟರ್.)

3. 2.6 ಮಿ.ಮೀ. ವ್ಯಾಸದ ಉಕ್ಕಿನ ಚರೆಯ ತೂಕವೆಷ್ಟು? ಅದೇ ಗಾತ್ರದ ಸೀಸದ ಚರೆಗೆ ಹೋಲಿಸಿರಿ. (ಉತ್ತರ: ಸುಮಾರು 0.07 ಗ್ರಾಂ, ಸೀಸದ ಚರೆಯ ಮೂರನೆಯ ಎರಡು ಪಾಲಿನಷ್ಟು.)

4. ಒಂದು ಗುರಿಗೆ ಸರಾಸರಿ ಎರಡು ಚರೆ ತಗುಲುವಂತಿದ್ದರೆ, ಒಂದೂ ತಗುಲದಿರುವ ಸಂಭಾವ್ಯತೆ ಎಷ್ಟು? (ಉತ್ತರ: ಶೇಕಡ 14ರ ಹತ್ತಿರ.) ಕಾಳುಗಳನ್ನು ಚೌಕಳಿ ಹಾಕಿದ ಹಾಳೆಯ ಮೇಲೆ ಚೆಲ್ಲಿ, ಬರಿದಾಗಿ ಉಳಿದ ಮನೆಗಳನ್ನು ಎಣಿಸಿದರೆ ಈ ನಿಯಮವನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಅದಕ್ಕೆ ಒಂದು ಹಿಡಿ ಹೆಸರುಕಾಳು ಸಾಕು.